ಎಬ್ಬಿಸಿದವರು ಯಾರು?

ಕಳೆದ ತಿಂಗಳು ಮಗಳು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಹೊರಟು, ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ತಿರ್ಲಾಪುರದ ನಮ್ಮ ಮನೆಗೆ ಬಂದಳು. ಚಹಾ ಕುಡಿದು ಚೀಲ ಬಿಚ್ಚಿದವಳು ಒಮ್ಮೆಲೇ ಕೂಗಿದಳು: “ಅಪ್ಪಾ, ಇದನ್ನ ಮುಟ್ಟಿ ನೋಡ್ರಿ. ಕಾದ ಹಂಚಿನಂಗ ಆಗೇತಿ!” ಮುಟ್ಟಿದೆ. ಅವಳ ಲ್ಯಾಪ್‌ಟಾಪ್ ನಿಜವಾಗಿಯೂ ಸುಡುತ್ತಿತ್ತು. ರಾತ್ರಿ ನೂರರಷ್ಟಿದ್ದ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಐದಕ್ಕೆ ಇಳಿದಿತ್ತು. “ಮುಚ್ಚಿ ಮಲಗಿಸಿ ಇಟ್ಟಿದ್ನೆಪ್ಪಾ. ಕೆಟ್ಟು ಹೋತು ಅಂತ ಕಾಣತೈತಿ, ಹೊಸಾದು ತಗೋಬೇಕು” ಎಂದು ಅವಳು ಬೇಸರಪಟ್ಟಳು.

“ಕೆಟ್ಟೈತಿ ಅನ್ನೂಕಿಂತ ಮೊದಲ ಒಂದು ಮಾತು ಕೇಳವಾ. ಅದನ್ನ ಎಬ್ಬಿಸಿದವರು ಯಾರು?” ಎಂದೆ.

ಅವಳು ನಕ್ಕಳು. ಮುಚ್ಚಿದ ಚೀಲದೊಳಗೆ ಯಾರು ಹೋಗಿ ಎಬ್ಬಿಸುತ್ತಾರೆ ಎಂಬುದು ಅವಳ ಪ್ರಶ್ನೆ. ನಾನು ನಗಲಿಲ್ಲ. ಈ ಪ್ರಶ್ನೆಯನ್ನು ಕೇಳಲು ನಾನು ಕಲಿತದ್ದು 2012ರಲ್ಲಿ, ಅದೂ ನನಗಿಂತ ಹಿರಿಯನಾದ ಒಬ್ಬ ಸಜ್ಜನನ ಮನಸ್ಸನ್ನು ನೋಯಿಸಿದ ಮೇಲೆ. ಆ ಸಂಗತಿಯನ್ನು ಬರೆಯಬೇಕೆಂದು ಬಹು ದಿನಗಳಿಂದ ಅಂದುಕೊಳ್ಳುತ್ತಿದ್ದೆನಾದರೂ ಸಂಕೋಚವು ಕೈಹಿಡಿದು ನಿಲ್ಲಿಸುತ್ತಿತ್ತು. ಈಗ ನಿವೃತ್ತನಾಗಿ ವರ್ಷಗಳೇ ಕಳೆದಿವೆ. ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇನ್ನು ಬಾರದು.

ಆಗ ನಾನು ನಮ್ಮ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಗಣಿತ-ವಿಜ್ಞಾನದ ಶಿಕ್ಷಕನಾಗಿದ್ದೆ. ಮುಖ್ಯೋಪಾಧ್ಯಾಯರ ಹುದ್ದೆ ಖಾಲಿ ಇದ್ದುದರಿಂದ ಅದರ ಪ್ರಭಾರವೂ ನನ್ನ ಮೇಲಿತ್ತು. ರಾಜ್ಯದ ಹಳ್ಳಿಗಳ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬರಲಾರಂಭಿಸಿ, 2001ರ ‘ಮಾಹಿತಿ ಸಿಂಧು’ ಯೋಜನೆಯಿಂದ ಎಣಿಸಿದರೆ, ಹತ್ತು ವರ್ಷಗಳಾಗಿದ್ದವು. ನಮ್ಮ ಶಾಲೆಯಲ್ಲಿಯೂ ಒಂದು ಗಣಕ ಕೊಠಡಿ ಇತ್ತು. ಅದರ ಮೂಲೆಯ ಒಂದು ಯಂತ್ರವನ್ನು ಕಚೇರಿಯ ಕೆಲಸಕ್ಕೆಂದು ನಾನು ಇಟ್ಟುಕೊಂಡಿದ್ದೆ. ಎಸ್.ಎಸ್.ಎಲ್.ಸಿ. ಮಕ್ಕಳ ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿಯನ್ನು ಅದರಲ್ಲಿಯೇ ಸಿದ್ಧಪಡಿಸುತ್ತಿದ್ದೆ. ಸಂಜೆ ಅದನ್ನು ಪೂರ್ತಿಯಾಗಿ ಮುಚ್ಚುತ್ತಿರಲಿಲ್ಲ, ನಿದ್ರೆಯ ಸ್ಥಿತಿಗೆ ತಳ್ಳಿ ಹೋಗುತ್ತಿದ್ದೆ. ಬೆಳಿಗ್ಗೆ ಒಂದು ಕೀಲಿ ಒತ್ತಿದರೆ ಸಾಕು, ಹಿಂದಿನ ದಿನ ಬಿಟ್ಟ ಸಾಲಿನಲ್ಲಿಯೇ ಪಟ್ಟಿ ತೆರೆದುಕೊಳ್ಳುತ್ತಿತ್ತು. ಇದೊಂದು ದೊಡ್ಡ ಅನುಕೂಲವೆಂದು ನಾನು ಬೀಗುತ್ತಿದ್ದೆ. ಕೆಲಸವನ್ನು ಉಳಿಸದೆಯೇ ಮಲಗಿಸುವ ಈ ಅಭ್ಯಾಸ ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ.

ಶಾಲೆಯ ಸಿಪಾಯಿಯನ್ನು ಮಕ್ಕಳಿಂದ ಹಿಡಿದು ಶಿಕ್ಷಕರವರೆಗೆ ಎಲ್ಲರೂ ‘ಕಾಕಾ’ ಎಂದೇ ಕರೆಯುತ್ತಿದ್ದರು. ನನಗಿಂತ ಆರು ವರ್ಷ ಹಿರಿಯ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಗಂಟೆ ಬಾರಿಸುವುದು, ನೀರು ತುಂಬುವುದು, ಬೀಗ ಹಾಕುವುದು ಎಲ್ಲವೂ ಅವನದೇ. ಊರಿನ ಮನೆಯಲ್ಲಿ ಸ್ಥಳ ಕಡಿಮೆ ಇದ್ದುದರಿಂದ ರಾತ್ರಿ ಶಾಲೆಯ ಪಡಸಾಲೆಯಲ್ಲಿಯೇ ಮಲಗುತ್ತಿದ್ದ. ಹೀಗಾಗಿ ಕಾವಲೂ ತಾನಾಗಿಯೇ ಆಗುತ್ತಿತ್ತು.

ಆ ವರ್ಷದ ಜನವರಿಯಿಂದ ಒಂದು ತೊಂದರೆ ಶುರುವಾಯಿತು. ಬೆಳಿಗ್ಗೆ ಬಂದು ನೋಡಿದರೆ ಯುಪಿಎಸ್ ಸತ್ತು ಬಿದ್ದಿರುತ್ತಿತ್ತು. ರಾತ್ರಿ ಕರೆಂಟು ಹೋದಾಗ, ಮಲಗಿದ ಯಂತ್ರವೊಂದನ್ನು ಬೆಳಗಿನವರೆಗೆ ಕಾಯ್ದುಕೊಳ್ಳುವುದು ಆ ಯುಪಿಎಸ್‌ಗೆ ಭಾರವಾಗಿರಲಿಲ್ಲ. ಎದ್ದ ಯಂತ್ರ ಎಳೆಯುವ ವಿದ್ಯುತ್ತಿನ ಎದುರು ಮಲಗಿದ ಯಂತ್ರದ್ದು ಕೆಲವೇ ವಾಟು. ಆದರೂ ಬ್ಯಾಟರಿ ಬರಿದಾಗುತ್ತಿತ್ತು, ಯಂತ್ರ ಆರಿರುತ್ತಿತ್ತು, ಉಳಿಸದ ಅಂಕಗಳು ಹೋಗಿರುತ್ತಿದ್ದವು. ಎರಡು ಸಲ ಹೀಗಾಯಿತು. ಮೂರನೆಯ ಸಲ ಇಡೀ ತರಗತಿಯ ಗಣಿತದ ಅಂಕಗಳು ಹೋದಾಗ ನನ್ನ ತಾಳ್ಮೆಯೂ ಹೋಯಿತು.

ಅದೇ ಹೊತ್ತಿಗೆ, ಮಲಪ್ರಭಾ ಕಾಲುವೆಯ ನೀರಿನ ಪಾಳಿ ಮುಗಿಸಿ ನಡುರಾತ್ರಿ ಹೊಲದಿಂದ ಮರಳುತ್ತಿದ್ದ ರೈತನೊಬ್ಬ ಶಾಲೆಯ ಕಿಟಕಿಯಲ್ಲಿ ನೀಲಿ ಬೆಳಕು ಕಂಡನಂತೆ. ಮರುದಿನ ಚಹಾದಂಗಡಿಯಲ್ಲಿ ಅದಕ್ಕೆ ಎರಡು ವ್ಯಾಖ್ಯಾನಗಳು ಹುಟ್ಟಿದವು. ಕೆಲವರು ದೆವ್ವವೆಂದರು. ಉಳಿದವರು, “ದೆವ್ವ ಅಲ್ಲೋ, ಕಾಕಾ ಸಿನಿಮಾ ನೋಡತಾನು” ಎಂದರು. ವಿಜ್ಞಾನದ ಶಿಕ್ಷಕನಾದ ನಾನು ದೆವ್ವವನ್ನು ನಂಬಲಿಲ್ಲ, ಎರಡನೆಯದನ್ನು ನಂಬಿದೆ. ಹಿಂದೊಮ್ಮೆ ಕಾಕಾ ತನ್ನ ಮೊಮ್ಮಗನ ಜಾವಳದ ಫೋಟೋಗಳನ್ನು ಆ ಯಂತ್ರದಲ್ಲಿ ಹಾಕಿ ತೋರಿಸಿರೆಂದು ಕೇಳಿದ್ದುಂಟು. ಅಷ್ಟೇ ಸಾಕಾಯಿತು ನನ್ನ ಅನುಮಾನಕ್ಕೆ.

ಕರೆದು ಕೇಳಿದೆ. ಅವನು ಕೈಕಟ್ಟಿ ನಿಂತು ಹೇಳಿದ: “ನಾ ಮುಟ್ಟಿಲ್ರಿ ಸರ್. ಅದು ತಾನಽ ಎದ್ದು ಕುಂದರತೈತ್ರಿ. ಬೆಳಕ ಬಿದ್ದದ್ದು ನಾನೂ ನೋಡೇನ್ರಿ. ಒಳಗ ಹೋಗಾಕ ನನಗೂ ಅಂಜಿಕಿ ಬಂತ್ರಿ.” ನಾನು, “ಯಂತ್ರ ತಾನಽ ಹೆಂಗ ಏಳತೈತಿ ಕಾಕಾ? ನನಗ ಪಾಠ ಹೇಳತಿಯೇನು?” ಎಂದು ಎಲ್ಲರೆದುರು ಗದರಿದೆ. ಆ ಸಂಜೆಯೇ ಕಾರಣ ಕೇಳಿ ಒಂದು ನೋಟಿಸು ಸಿದ್ಧಪಡಿಸಿ ಅವನ ಕೈಗಿತ್ತೆ. ಸೇವೆಯ ಮೂವತ್ತು ವರ್ಷಗಳಲ್ಲಿ ಅವನಿಗೆ ಬಂದ ಮೊದಲ ನೋಟಿಸು ಅದು. ಉತ್ತರವನ್ನು ಯಾರಿಂದ ಬರೆಸಬೇಕೆಂಬುದೇ ಅವನಿಗೆ ತಿಳಿಯಲಿಲ್ಲ. ಮರುದಿನದಿಂದ ಅವನು ಪಡಸಾಲೆಯಲ್ಲಿ ಮಲಗುವುದನ್ನು ಬಿಟ್ಟ. ಹೊರಗೆ ಬೇವಿನ ಮರದ ಕೆಳಗೆ ಹಾಸಿಕೊಂಡ. ನನ್ನ ಮುಖ ನೋಡಿ ಮಾತನಾಡುವುದನ್ನೂ ಬಿಟ್ಟ. ನಾನು ಅದನ್ನು ಅಪರಾಧಿಯ ಅಳುಕೆಂದು ತಿಳಿದೆ.

ಹೀಗೆ ಹದಿನೈದು ದಿನ ಕಳೆದವು. ಹೋಳಿ ಹುಣ್ಣಿಮೆ ಬಂತು. ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಹೊರಗಿದ್ದವರೆಲ್ಲ ಊರಿಗೆ ಬರುವ ಕಾಲ. ಹಾಗೆ ಬಂದವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಇದ್ದ. ಬೆಂಗಳೂರಿನಲ್ಲಿ ಚಿಪ್ಪು ತಯಾರಿಕೆಗೆ ಸಂಬಂಧಿಸಿದ ಕಂಪನಿಯೊಂದರಲ್ಲಿ ಎಂಜಿನಿಯರ್. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರ ತೆರೆದ ಮೇಲೆ ಅಲ್ಲಿ ಬೆಳೆದ ಆ ಉದ್ಯಮದಲ್ಲಿ ನಮ್ಮ ಕಡೆಯ ಅನೇಕ ಮಕ್ಕಳು ಅನ್ನ ಕಂಡುಕೊಂಡಿದ್ದಾರೆ. ಶಾಲೆಗೆ ಬಂದು ನಮಸ್ಕರಿಸಿದವನನ್ನು, “ನಿನ್ನ ಕೆಲಸ ಏನಪಾ?” ಎಂದು ಕೇಳಿದೆ. “ಮೊಬೈಲ್ ಫೋನ್ ಮಲಗಿಸೋದು, ಎಬ್ಬಿಸೋದು ಸರ್. ಮಲಗಿಸೋದು ಹಗರ ಐತ್ರಿ. ಏಳೂದರಾಗಽ ಎಲ್ಲಾ ತಕರಾರು” ಎಂದ. ನನ್ನ ಕಿವಿ ನೆಟ್ಟಗಾಯಿತು. ಕಾಕಾನ ಕಥೆಯನ್ನು ಪೂರ್ತಿ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: “ಎಬ್ಬಿಸಿದವರು ಯಾರು ಅಂತ ಯಂತ್ರಾನಽ ಕೇಳಿದ್ರೇನ್ ಸರ್?”

ಯಂತ್ರವನ್ನು ಕೇಳಬಹುದೆಂಬುದೇ ನನಗೆ ಗೊತ್ತಿರಲಿಲ್ಲ. ಅವನು ಕುಳಿತು ಕಪ್ಪು ಪರದೆಯೊಂದನ್ನು ತೆರೆದು ‘ಪವರ್‌ಸಿಎಫ್‌ಜಿ’ ಎಂಬ ಆಜ್ಞೆಯ ಮುಂದೆ ‘ಲಾಸ್ಟ್‌ವೇಕ್’ ಎಂದು ಬರೆದು ಒತ್ತಿದ. ಕೊನೆಯ ಸಲ ಎಬ್ಬಿಸಿದ್ದು ಯುಎಸ್‌ಬಿ ಹಬ್ ಎಂದು ಉತ್ತರ ಬಂತು. ಬಳಿಕ ಕಾರ್ಯವ್ಯವಸ್ಥೆಯ ದಿನಚರಿಯನ್ನು ತೆರೆದ. ನಮ್ಮ ಶಾಲೆಯ ಆವಕ-ಜಾವಕ ಪುಸ್ತಕದಂತೆ ಅದರಲ್ಲಿಯೂ ನಮೂದುಗಳಿದ್ದವು: ಯಾವಾಗ ಮಲಗಿತು, ಯಾವಾಗ ಎದ್ದಿತು, ಎಬ್ಬಿಸಿದ್ದು ಯಾವುದು. ನಡುರಾತ್ರಿಯ ಎಚ್ಚರಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೆವು. ಒಟ್ಟು 19 ರಾತ್ರಿಗಳು.

ಆ ಪಟ್ಟಿಯನ್ನು ನೋಡುತ್ತಿದ್ದಂತೆ ನನ್ನ ಕೈ ನಡುಗಿತು. ಫೆಬ್ರವರಿಯಲ್ಲಿ ಕಾಕಾ ಮಗಳ ಮನೆಯ ವಾಸ್ತುಶಾಂತಿಗೆಂದು ಮೂರು ದಿನ ರಜೆ ಹಾಕಿ ಅಣ್ಣಿಗೇರಿಗೆ ಹೋಗಿದ್ದ. ಹಾಜರಿ ಪುಸ್ತಕ ತರಿಸಿ ನೋಡಿದೆ. ಆ ಮೂರು ರಾತ್ರಿಗಳಲ್ಲಿ ಎರಡು ರಾತ್ರಿ ಯಂತ್ರ ಎದ್ದಿತ್ತು. ಆ ದಿನಗಳಲ್ಲಿ ಶಾಲೆಯ ಕೀಲಿಕೈ ನನ್ನ ಮನೆಯ ಗೂಟದಲ್ಲಿ ತೂಗುತ್ತಿತ್ತು. ಕಾಕಾನ ಮೇಲೆ ನಾನು ಹೊರಿಸಿದ ತರ್ಕವನ್ನೇ ಒಪ್ಪುವುದಾದರೆ, ಆ ಎರಡು ರಾತ್ರಿಗಳ ಅಪರಾಧಿ ನಾನೇ ಆಗಬೇಕಿತ್ತು!

ಇಲ್ಲಿ ನನ್ನ ವಿದ್ಯಾರ್ಥಿ ಅಂದು ಹೇಳಿಕೊಟ್ಟದ್ದನ್ನು ಓದುಗರ ಮುಂದೆ ಸ್ವಲ್ಪ ವಿವರವಾಗಿ ಇಡುತ್ತೇನೆ. ಮನೆಮನೆಯಲ್ಲೂ ಇಂಥ ಯಂತ್ರಗಳಿರುವ ಈ ಕಾಲದಲ್ಲಿ ಅದು ಎಲ್ಲರಿಗೂ ಉಪಯೋಗಕ್ಕೆ ಬಂದೀತು.

ಗಣಕದ ನಿದ್ರೆಯೆಂದರೆ ಸಾವಲ್ಲ. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಕಂಪನಿಗಳು ಸೇರಿ ‘ಎಸಿಪಿಐ’ ಎಂಬ ನಿಯಮಾವಳಿಯನ್ನು ಪ್ರಕಟಿಸಿದವು. ನಿದ್ರೆಗೆ ಅದು ಮೆಟ್ಟಿಲುಗಳನ್ನು ಗುರುತಿಸಿತು. ಅದರಲ್ಲಿ ‘ಎಸ್-3’ ಎಂಬ ಮೆಟ್ಟಿಲಿನಲ್ಲಿ ಸ್ಮೃತಿಕೋಶಕ್ಕೆ ಮಾತ್ರ ಹನಿ ವಿದ್ಯುತ್ತು ಹರಿಯುತ್ತಿರುತ್ತದೆ. ಸಂಸ್ಕಾರಕ, ಪರದೆ, ಡಿಸ್ಕು ಎಲ್ಲವೂ ಆರಿರುತ್ತವೆ. ನಮ್ಮ ಹಳೆಯ ಮನೆಗಳಲ್ಲಿ ದೀಪಗಳನ್ನೆಲ್ಲ ಆರಿಸಿ ದೇವರ ಮನೆಯ ನಂದಾದೀಪವೊಂದನ್ನು ಉಳಿಸುತ್ತಿದ್ದರಲ್ಲವೆ, ಹಾಗೆ. ಅದರ ಜೊತೆಗೆ ಕೆಲವು ಸಣ್ಣ ಕಾವಲುಗಾರರು ಎಚ್ಚರವಾಗಿರುತ್ತಾರೆ: ಕೀಲಿಮಣೆ, ಗಡಿಯಾರ, ಜಾಲದ ಕಾರ್ಡು, ಮೌಸು. ಇವರಲ್ಲಿ ಯಾರಾದರೂ ಕೂಗಿದರೆ ಇಡೀ ಮನೆ ಏಳುತ್ತದೆ.

ಹಾಗಾದರೆ ಯಾರು ಬೇಕಾದರೂ ಕೂಗಬಹುದೆ? ಕೂಡದು. ಇಲ್ಲಿ ಎರಡು ಪಟ್ಟಿಗಳಿವೆ. ಎಬ್ಬಿಸುವ ಶಕ್ತಿ ಇರುವವರ ಪಟ್ಟಿ ಒಂದು. ಎಬ್ಬಿಸುವ ಅಪ್ಪಣೆ ಪಡೆದವರ ಪಟ್ಟಿ ಇನ್ನೊಂದು. ನಮ್ಮ ಕನ್ನಡದಲ್ಲಿ ಇದಕ್ಕೆ ಎಷ್ಟು ಚೆನ್ನಾದ ಮಾತುಗಳಿವೆ ನೋಡಿ: ‘ಎಬ್ಬಿಸಬಲ್ಲದು’ ಮತ್ತು ‘ಎಬ್ಬಿಸಬಹುದು’. ‘ಬಲ್ಲ’ ಎಂಬುದು ಸಾಮರ್ಥ್ಯ, ‘ಬಹುದು’ ಎಂಬುದು ಅನುಮತಿ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಒಳಗೂ ಪ್ರತಿಯೊಂದು ಸಾಧನದ ಮುಂದೆ ಈ ಎರಡು ಗುರುತುಗಳನ್ನು ಬೇರೆಬೇರೆಯಾಗಿಯೇ ಇಟ್ಟಿದ್ದಾರೆ. ಮೊದಲನೆಯದನ್ನು ಯಂತ್ರಾಂಶ ಹೇಳುತ್ತದೆ, ಎರಡನೆಯದನ್ನು ಯಜಮಾನ ನಿರ್ಧರಿಸಬೇಕು. ಯಜಮಾನ ಸುಮ್ಮನಿದ್ದರೆ ತಯಾರಕರು ಮೊದಲೇ ಹಾಕಿಟ್ಟ ನಿರ್ಧಾರ ನಡೆಯುತ್ತದೆ. ನಮ್ಮ ಶಾಲೆಯ ಯಂತ್ರದಲ್ಲಿ ಅಪ್ಪಣೆ ಪಡೆದವರು ಮೂವರಿದ್ದರು. ನಾನು ಯಾರಿಗೂ ಅಪ್ಪಣೆ ಕೊಟ್ಟಿರಲಿಲ್ಲ, ಯಾರಿಂದಲೂ ಹಿಂಪಡೆದೂ ಇರಲಿಲ್ಲ.

ನನ್ನ ತಾಯಿಯ ನೆನಪಾಯಿತು. ತಿರ್ಲಾಪುರದ ನಮ್ಮ ಮನೆ ಚಕ್ಕಡಿಗಳು ಓಡಾಡುವ ದಾರಿಗೆ ಅಂಟಿಕೊಂಡಿತ್ತು. ಹತ್ತಿ ಹೇರಿದ ಚಕ್ಕಡಿಗಳು ರಾತ್ರಿಯಿಡೀ ಹೋದರೂ, ಗುಡುಗು ಮಳೆ ಬಂದರೂ ಅವ್ವ ಏಳುತ್ತಿರಲಿಲ್ಲ. ತೊಟ್ಟಿಲಲ್ಲಿ ತಂಗಿ ಒಮ್ಮೆ ಮುಲುಕಿದರೆ ಎದ್ದು ಕುಳಿತಿರುತ್ತಿದ್ದಳು. ಅವಳೊಳಗಿನ ಅಪ್ಪಣೆಯ ಪಟ್ಟಿ ಅಷ್ಟು ಖಚಿತವಾಗಿತ್ತು. ಗಣಕಕ್ಕೆ ಆ ವಿವೇಕ ತಾನಾಗಿ ಬಾರದು, ನಾವೇ ಕಲಿಸಬೇಕು.

ಎರಡನೆಯ ಸಂಗತಿ ದಾರಿಯದು. ಮೌಸು ಕೂಗಿದರೆ ಆ ಕೂಗು ನೇರವಾಗಿ ಸಂಸ್ಕಾರಕಕ್ಕೆ ಮುಟ್ಟುವುದಿಲ್ಲ. ಅದು ಹಬ್ಬಿಗೆ, ಹಬ್ಬು ಯುಎಸ್‌ಬಿ ನಿಯಂತ್ರಕಕ್ಕೆ, ನಿಯಂತ್ರಕವು ಮಂಡಲಿಗೆ ತಿಳಿಸಬೇಕು. ಹಳ್ಳಿಯ ಅರ್ಜಿ ತಾಲೂಕು ದಾಟಿ ಜಿಲ್ಲೆಗೆ ಹೋಗುವ ಕ್ರಮದಂತೆಯೇ ಇದು. ನಡುವಿನ ಒಬ್ಬನಿಗೆ ಅಪ್ಪಣೆ ಇಲ್ಲದಿದ್ದರೆ ಕೂಗು ಅಲ್ಲಿಯೇ ಸಾಯುತ್ತದೆ. ಎಷ್ಟು ಕೀಲಿ ಒತ್ತಿದರೂ ಯಂತ್ರ ಏಳದು. ಇನ್ನು ಕೂಗನ್ನು ಕೇಳಿದವನು ‘ಕೇಳಿದೆ’ ಎಂದು ಗುರುತು ಹಾಕದಿದ್ದರೆ, ಆ ಕೂಗು ಬಾಕಿ ಉಳಿದು, ಮಲಗಿಸಿದ ಮರುಕ್ಷಣವೇ ಯಂತ್ರ ಮತ್ತೆ ಏಳುತ್ತದೆ. ಏಳಬೇಕಾದಾಗ ಏಳದಿರುವುದು, ಏಳಬಾರದಾಗ ಏಳುವುದು ಎರಡೂ ಹೀಗೆ ಒಂದೇ ಹಾದಿಯ ದೋಷಗಳು. ದಾರಿ ಉದ್ದವಾಗಿದ್ದರಿಂದಲೇ ನಮ್ಮ ಯಂತ್ರದ ದಿನಚರಿಯಲ್ಲಿ ಮೌಸಿನ ಹೆಸರು ಇರಲಿಲ್ಲ. ‘ನನ್ನ ಓಣಿಯವರು ಯಾರೋ ಕೂಗಿದರು’ ಎಂದಷ್ಟೇ ಹಬ್ಬು ಹೇಳಿತ್ತು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು. ಯಂತ್ರ ಮಲಗಲು ಹೊರಟ ಆ ಒಂದೆರಡು ಸೆಕೆಂಡಿನಲ್ಲಿಯೇ ಕೂಗು ಬಂದರೆ? ಅರ್ಧ ಮುಚ್ಚಿದ ಬಾಗಿಲಲ್ಲಿ ಅದು ಕಳೆದುಹೋಗಬಹುದು. ಫೋನಿನಲ್ಲಾದರೆ ಬಂದ ಕರೆ ರಿಂಗಣಿಸದೆ ಹೋಗಬಹುದು. ಆಂಡ್ರಾಯ್ಡ್ ಫೋನುಗಳು ಇದಕ್ಕೆ ‘ವೇಕ್‌ಲಾಕ್’ ಎಂಬ ಉಪಾಯ ಮಾಡಿದ್ದವು: ಕೆಲಸವುಳ್ಳವನು ಒಂದು ಅಗುಳಿ ಹಾಕಿಟ್ಟರೆ ಅದು ತೆಗೆಯುವವರೆಗೂ ಫೋನು ಮಲಗುವಂತಿಲ್ಲ. ಯಾವನೋ ಒಬ್ಬ ಅಗುಳಿ ತೆಗೆಯುವುದನ್ನು ಮರೆತರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದು. ಈ ಉಪಾಯವನ್ನು ಲಿನಕ್ಸಿನ ಮೂಲದೊಳಗೆ ಸೇರಿಸಬೇಕೆ ಬೇಡವೆ ಎಂದು 2009-10ರಲ್ಲಿ ದೊಡ್ಡ ವಾಗ್ವಾದ ನಡೆಯಿತು. ಪೋಲೆಂಡಿನ ರಫಾಯೆಲ್ ವೈಸೋಸ್ಕಿ ಎಂಬುವರು ಬೇರೊಂದು ದಾರಿ ತೋರಿಸಿದರು. 2010ರ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸ್ 2.6.36ರಲ್ಲಿ ಅದು ಸೇರಿತು. ಅದರ ತಿರುಳು ಇಷ್ಟು: ಮಲಗುವ ಮುನ್ನ, ಈವರೆಗೆ ಬಂದ ಕೂಗುಗಳ ಎಣಿಕೆಯನ್ನು ಓದಿಕೊಳ್ಳಬೇಕು. ಹೊರಡುವ ಘಳಿಗೆಯಲ್ಲಿ ಆ ಎಣಿಕೆಯನ್ನು ಮರಳಿ ಒಪ್ಪಿಸಬೇಕು. ನಡುವೆ ಸಂಖ್ಯೆ ಬದಲಾಗಿದ್ದರೆ ನಿದ್ರೆಗೆ ಅನುಮತಿ ಇಲ್ಲ, ಮೊದಲಿನಿಂದ ಎಣಿಸು.

ಇದನ್ನು ಕೇಳಿದಾಗ ನನಗೆ ಶಾಲೆಯ ಪ್ರವಾಸಗಳು ನೆನಪಾದವು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಿಗೆ ಮಕ್ಕಳನ್ನು ಕರೆದೊಯ್ದಾಗ ಬಸ್ಸು ಹೊರಡುವ ಮುನ್ನ ತಲೆ ಎಣಿಸುತ್ತಿದ್ದೆ. ಎಣಿಸಿ ಮುಗಿಸಿ ಡ್ರೈವರನಿಗೆ ಕೈಬೀಸುವಷ್ಟರಲ್ಲಿ ಒಬ್ಬ ಹುಡುಗ ನೀರು ಕುಡಿಯಲು ಇಳಿದಿರುತ್ತಿದ್ದ. ಅಂದಿನಿಂದ ಎರಡು ಸಲ ಎಣಿಸಿ, ಎರಡೂ ಸಂಖ್ಯೆ ಕೂಡಿದರೆ ಮಾತ್ರ “ರೈಟ್” ಎನ್ನುತ್ತಿದ್ದೆ. ದೇಶ ಯಾವುದಾದರೇನು, ಕಳೆದುಹೋಗುವ ಒಬ್ಬನಿಗಾಗಿ ಚಿಂತಿಸುವವರ ಉಪಾಯ ಒಂದೇ ಬಗೆಯದು.

ಮತ್ತೆ ನಮ್ಮ ಕೊಠಡಿಗೆ ಬರೋಣ. ಓಣಿ ತಿಳಿಯಿತು, ಮನೆ ತಿಳಿಯಬೇಕಿತ್ತು. ಆ ಓಣಿಯಲ್ಲಿದ್ದವರು ಇಬ್ಬರು, ಕೀಲಿಮಣೆ ಮತ್ತು ಮೌಸು. ನಾವು ಪ್ರಯೋಗಕ್ಕೆ ಇಳಿದೆವು. ಮೊದಲ ಮೂರು ರಾತ್ರಿ ಮೌಸು ಕಿತ್ತಿಟ್ಟೆವು, ಯಂತ್ರ ಏಳಲಿಲ್ಲ. ನಾಲ್ಕನೆಯ ರಾತ್ರಿ ಮೌಸನ್ನು ಸಿಕ್ಕಿಸಿ ಕೀಲಿಮಣೆ ಕಿತ್ತೆವು. ಒಂದೂವರೆ ಗಂಟೆಗೆ ಎದ್ದಿತು. ಕೂಗುವವನು ಸಿಕ್ಕ. ಆದರೆ ಮೌಸು ತಾನಾಗಿ ಅಲುಗುವುದಿಲ್ಲವಲ್ಲ! ಹೊರಗೆ ಬೇವಿನ ಮರದ ಕೆಳಗಿದ್ದ ಕಾಕಾನನ್ನು ಕರೆಸಿದೆ. ಎಲ್ಲವನ್ನೂ ಕೇಳಿ, ನನ್ನ ಕಡೆಗೆ ನೋಡದೆ, ಹುಡುಗನಿಗೆ ಹೇಳಿದ: “ಮೇಜಿನ ಮ್ಯಾಲ ಒಂದೀಟು ಜ್ವಾಳದ ಹಿಟ್ಟು ಉದುರಸ್ರಿ. ಬಂದವರ ಹೆಜ್ಜಿ ಬೀಳತಾವು.”

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಹಿಟ್ಟಿನಲ್ಲಿ ಸಣ್ಣ ಸಣ್ಣ ಹೆಜ್ಜೆಗಳು ಸಾಲಾಗಿ ಮೂಡಿದ್ದವು. ಬದಿಯಲ್ಲಿ ಒಂದು ಬಾಲದ ಗೆರೆ. ಎರಿಭೂಮಿಯಲ್ಲಿ ಜೋಳ-ಕಡಲೆಯ ಸುಗ್ಗಿ ಮುಗಿದೊಡನೆ ಹೊಲದ ಇಲಿಗಳು ಊರೊಳಗೆ ಬರುವುದು ನಮ್ಮವರಿಗೆಲ್ಲ ತಿಳಿದದ್ದೇ. ಮಧ್ಯಾಹ್ನದ ಊಟದ ಅಕ್ಕಿ-ಬೇಳೆಗಳನ್ನು ಇಡುತ್ತಿದ್ದ ಕೋಣೆಯು ಗಣಕ ಕೊಠಡಿಯ ಪಕ್ಕದಲ್ಲಿಯೇ ಇತ್ತು. ಇಲಿಗಳ ದಾರಿ ಆ ಮೇಜಿನ ಮೇಲೆ ಹಾದುಹೋಗಿತ್ತು. ಮೌಸೆಂದರೆ ಇಂಗ್ಲಿಷಿನಲ್ಲಿ ಇಲಿ ಎಂದು ಐದನೆಯ ಇಯತ್ತೆಯ ಮಕ್ಕಳೂ ಬಲ್ಲರು. ನಿಜವಾದ ಇಲಿ ತಂತಿಯ ಇಲಿಯನ್ನು ತಿವಿಯುತ್ತಿತ್ತು. ತಂತಿಯ ಇಲಿ ಯಂತ್ರವನ್ನು ಎಬ್ಬಿಸುತ್ತಿತ್ತು. ಅಪರೂಪಕ್ಕೆ ಕಾಕಾ ನಕ್ಕ. ನಮಗೂ ನಗು ಬಂತು. ನನ್ನ ನಗು ಬಹಳ ಹೊತ್ತು ಉಳಿಯಲಿಲ್ಲ.

ದುರಸ್ತಿಗೆ ಹಿಡಿದದ್ದು ಅರ್ಧ ನಿಮಿಷ. ಸಾಧನಗಳ ಪಟ್ಟಿಯಲ್ಲಿ ಮೌಸಿನ ಹೆಸರಿನ ಮೇಲೆ ಒತ್ತಿ, ‘ಈ ಸಾಧನವು ಗಣಕವನ್ನು ಎಬ್ಬಿಸಬಹುದು’ ಎಂಬ ಮನೆಯಲ್ಲಿದ್ದ ಗುರುತನ್ನು ತೆಗೆದೆವು. ಕೀಲಿಮಣೆಯ ಅಪ್ಪಣೆಯನ್ನು ಉಳಿಸಿದೆವು. ಜಾಲದ ಕಾರ್ಡಿಗೆ, ‘ಮಾಂತ್ರಿಕ ಪೊಟ್ಟಣ’ ಬಂದರೆ ಮಾತ್ರ ಎಬ್ಬಿಸು ಎಂದು ಕಟ್ಟುಮಾಡಿದೆವು. ಈ ಪೊಟ್ಟಣದ ಲೆಕ್ಕ ಗಣಿತದ ಮೇಷ್ಟರಿಗೆ ಇಷ್ಟವಾಗುವಂಥದು: ಮೊದಲು 6 ಬೈಟುಗಳ ಕರೆ, ಬಳಿಕ ಆ ಕಾರ್ಡಿನದೇ 6 ಬೈಟುಗಳ ವಿಳಾಸ 16 ಸಲ, ಒಟ್ಟು 102. ಹೆಸರು ಹಿಡಿದು ಹದಿನಾರು ಸಲ ಕರೆದರೆ ಮಾತ್ರ ಏಳುವ ಕುಂಭಕರ್ಣ! ಆ ದಿನದಿಂದ ಯಂತ್ರ ಬೆಳಗಿನವರೆಗೆ ಮಲಗಿತು. ಹೊಸ ಬ್ಯಾಟರಿಗಳನ್ನು ಹಾಕಿಸಿದ ಮೇಲೆ ಯುಪಿಎಸ್ ಕೂಡ ಸುಧಾರಿಸಿತು. ಅಂಕಗಳನ್ನು ಉಳಿಸಿಯೇ ಮಲಗಿಸುವುದನ್ನು ನಾನೂ ಕಲಿತೆ. ಇಲಿಗಳಿಗೆ ಕಾಕಾ ಬೋನು ಇಟ್ಟ.

ಇನ್ನು ನನ್ನ ದುರಸ್ತಿ ಉಳಿದಿತ್ತು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಶಿಕ್ಷಕರೆಲ್ಲರನ್ನೂ ಕೋಣೆಯಲ್ಲಿ ಸೇರಿಸಿ, ಕಾಕಾನನ್ನು ಕುರ್ಚಿಯ ಮೇಲೆ ಕೂಡ್ರಿಸಿ, ಎಲ್ಲರೆದುರು ಗದರಿದವನು ಎಲ್ಲರೆದುರೇ ಕ್ಷಮೆ ಕೇಳಿದೆ. ಅವನು ಕುರ್ಚಿಯ ತುದಿಯಲ್ಲಿ ಕುಳಿತು ತಲೆ ತಗ್ಗಿಸಿಯೇ ಇದ್ದ. ಕೊನೆಗೆ ಕೇಳಿದ್ದು ಒಂದೇ: “ಅದಿರಲ್ರಿ ಸರ್. ಆ ಕಾಗದ ಎಲ್ಲೈತ್ರಿ?”

ಕ್ಷಮೆಯ ಮಾತು ಗಾಳಿಗೆ ಹೋಗುತ್ತದೆ, ಕಾಗದ ಕಡತದಲ್ಲಿ ಉಳಿಯುತ್ತದೆ ಎಂಬುದನ್ನು ಮೂವತ್ತು ವರ್ಷ ಕಡತ ಹೊತ್ತವನು ನನಗಿಂತ ಚೆನ್ನಾಗಿ ಬಲ್ಲವನಾಗಿದ್ದ. ಕಡತ ತರಿಸಿದೆ. ‘ಆರೋಪವು ಆಧಾರರಹಿತವೆಂದು ಪರಿಶೀಲನೆಯಿಂದ ಕಂಡುಬಂದಿದೆ. ನೋಟಿಸನ್ನು ಹಿಂಪಡೆಯಲಾಗಿದೆ. ತಪ್ಪು ನನ್ನದು’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಮುದ್ರೆ ಒತ್ತಿದೆ. ಒಂದು ಪ್ರತಿಯನ್ನು ಅವನಿಗೆ ಕೊಟ್ಟೆ. ಅವನು ಅದನ್ನು ಎರಡು ಸಲ ಓದಿಸಿ ಕೇಳಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ. ಅಂದು ರಾತ್ರಿ ಮತ್ತೆ ಪಡಸಾಲೆಯಲ್ಲಿ ಮಲಗಿದನೆಂದು ತಿಳಿದು ನನಗೂ ನಿದ್ರೆ ಬಂತು.

ನಾನು ಆ ಹದಿನೈದು ದಿನಗಳನ್ನು ಅನೇಕ ಸಲ ನೆನೆದಿದ್ದೇನೆ. ಪ್ರಯೋಗಶಾಲೆಯಲ್ಲಿ ಮಕ್ಕಳಿಗೆ, ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ ಎಂದು ಕಲಿಸಿದವನು ನಾನು. ಯಂತ್ರದೊಳಗೆ ಗಂಟೆ-ನಿಮಿಷದ ಲೆಕ್ಕದಲ್ಲಿ ದಾಖಲೆ ಇತ್ತು, ಹಾಜರಿ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು. ಎರಡನ್ನೂ ತೆರೆಯಲಿಲ್ಲ. ದೆವ್ವವನ್ನು ನಂಬಿದವರನ್ನು ಕಂಡು ನಕ್ಕ ನಾನು, ಬಡವನೊಬ್ಬನ ಮೇಲಿನ ಅನುಮಾನವನ್ನು ಯಾವ ಸಾಕ್ಷಿಯೂ ಇಲ್ಲದೆ ನಂಬಿದೆ. ಯಾವ ನಂಬಿಕೆ ಹೆಚ್ಚು ಮೂಢವಾದದ್ದು?

ಮುಂದೆ ನನಗೆ ಈ ವಿಷಯದಲ್ಲಿ ಸ್ವಲ್ಪ ಹುಚ್ಚೇ ಹಿಡಿಯಿತು. 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಿಂದಾಗಿ ನಮ್ಮಂಥ ಮೇಷ್ಟರುಗಳಿಗೂ ಉಬುಂಟುವಿನ ಪರಿಚಯವಾಗಿತ್ತು. ಈಗ ಮನೆಯಲ್ಲಿ ಅದನ್ನೇ ಬಳಸುತ್ತೇನೆ. ಒಮ್ಮೆ ನನ್ನ ಯಂತ್ರ ಮಲಗಿಸಿದೊಡನೆ ಏಳುತ್ತಿತ್ತು. ‘ಪ್ರಾಕ್’ ಎಂಬ ಕಡತಕೋಶದ ‘ಎಸಿಪಿಐ’ ವಿಭಾಗದಲ್ಲಿ ‘ವೇಕಪ್’ ಎಂಬ ಕಡತವಿದೆ. ತೆರೆದರೆ ಅಪ್ಪಣೆಯ ಪಟ್ಟಿ ಸಾಲುಸಾಲಾಗಿ ಕಾಣುತ್ತದೆ. ಒಂದೊಂದರ ಅಪ್ಪಣೆಯನ್ನು ತೆಗೆದು, ಮಲಗಿಸಿ ನೋಡಿ, ಮರಳಿ ಕೊಟ್ಟು, ಮುಂದಿನದಕ್ಕೆ ಹೋದೆ. ಕೊನೆಗೆ ಯುಎಸ್‌ಬಿ ನಿಯಂತ್ರಕ ಸಿಕ್ಕಿಬಿತ್ತು. ಯಂತ್ರವನ್ನು ಆರಿಸಿ ಹಚ್ಚಿದರೆ ಆ ಬದಲಾವಣೆ ಅಳಿಸಿಹೋಗುತ್ತದೆ; ಪ್ರತಿ ಸಲ ತಾನಾಗಿ ಆಗುವಂತೆ ಬರೆದಿಡಬೇಕು. ಎಲ್ಲವನ್ನೂ ಒಮ್ಮೆಲೇ ತೆಗೆದುಬಿಟ್ಟರೆ ಯಂತ್ರ ಏಳುವುದೇ ಇಲ್ಲವೆಂಬುದನ್ನೂ ಸ್ವಾನುಭವದಿಂದ ಕಲಿತೆ.

ಮಗಳ ಲ್ಯಾಪ್‌ಟಾಪಿನ ಕಥೆ ಉಳಿಯಿತಲ್ಲ. ಅದನ್ನು ಚಾರ್ಜಿಗೆ ಹಚ್ಚಿ ಅದೇ ಹಳೆಯ ಆಜ್ಞೆಯನ್ನು ಕೊಡಿಸಿದೆ. ಯುಎಸ್‌ಬಿ ಎಂದೇ ಉತ್ತರ ಬಂತು. ಬದಿಗೆ ನೋಡಿದರೆ, ತಂತಿಯಿಲ್ಲದ ಮೌಸಿನ ಉಗುರಿನಷ್ಟು ಚಿಕ್ಕ ಗ್ರಾಹಕ ಇನ್ನೂ ಸಿಕ್ಕಿಸಿಕೊಂಡೇ ಇತ್ತು. ಮೌಸು ಅದೇ ಚೀಲದಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ಬಸ್ಸು ಕುಲುಕಿದಾಗಲೆಲ್ಲ ಅದು ಅಲುಗಿ, “ಏಳು, ಏಳು” ಎಂದಿದೆ. ಗಾಳಿಯಾಡದ ಚೀಲದಲ್ಲಿ ಎದ್ದು ಕುಳಿತ ಯಂತ್ರ ಬೆವರದೆ ಇನ್ನೇನು ಮಾಡೀತು? ಮೌಸಿನ ಅಪ್ಪಣೆಯನ್ನು ತೆಗೆಸಿದೆ. ಮರಳಿ ಹೋಗುವಾಗ ತಣ್ಣಗೇ ಇತ್ತಂತೆ. ಹೊಸದನ್ನು ಕೊಳ್ಳುವ ಮಾತು ನಿಂತಿತು.

ಕಾಕಾ 2014ರಲ್ಲಿ ನಿವೃತ್ತನಾದ, ಯಾವ ಕಪ್ಪುಚುಕ್ಕೆಯೂ ಇಲ್ಲದೆ. ಈಗಲೂ ಸಂತೆಯ ದಿನ ಎದುರಾಗುತ್ತಾನೆ. ಮಗಳ ಈ ಪ್ರಸಂಗವನ್ನು ಮೊನ್ನೆ ಅವನಿಗೆ ಹೇಳಿದೆ. ಚೀಲ ಕೆಳಗಿಟ್ಟು ಪೂರ್ತಿ ಕೇಳಿದ. “ಈ ಸಲಾನೂ ಇಲಿ ಏನ್ರಿ ಸರ್?” ಎಂದು ಬಾಯಿತುಂಬ ನಕ್ಕ. ಆಮೇಲೆ, “ಮಗಳಿಗೆ ಬೈದಿಲ್ಲ ಹೌದಲ್ರಿ?” ಎಂದು ಕೇಳಿದ.

ಇಲ್ಲವೆಂದೆ. ಈ ಸಲ ಮೊದಲು ಕೇಳಿದೆ, ಆಮೇಲೆ ಮಾತಾಡಿದೆ ಎಂದೆ.